ಹರಿದ ಹೃದಯಕ್ಕೆ ಹೊಲಿಗೆ

ಹೃದಯಾಘಾತದ ಮೊದಲ ಪ್ರಹಾರವನ್ನು ತಾಳಿಕೊಂಡು, ಗಂಡಾಂತರ ಕಳೆಯಿತೆಂದು ಮನೆಮಂದಿ ನಿಟ್ಟುಸಿರುಬಿಡುವ ಹೊತ್ತಿಗೆ, ರಕ್ತವಿಲ್ಲದೆ ಸತ್ತ ಮಾಂಸವು ಮೆತ್ತಗಾಗಿ ಹರಿದುಹೋಗುವ ಎರಡನೆಯ ವಿಪತ್ತು ಕೆಲವರಿಗೆ ಮೊದಲ ವಾರದಲ್ಲಿಯೇ ಒದಗುವುದುಂಟು. ಹೊರಭಿತ್ತಿ ಬಿರಿದರೆ ಮರಣವು ಬಹುಮಟ್ಟಿಗೆ ತತ್‌ಕ್ಷಣದ್ದು. ಕವಾಟವನ್ನು ಹಿಡಿದಿರುವ ಸ್ನಾಯು ತುಂಡಾದರೆ ಶ್ವಾಸಕೋಶಗಳಲ್ಲಿ ನೀರು ತುಂಬುತ್ತದೆ. ಎರಡು ಹೃತ್ಕುಕ್ಷಿಗಳ ನಡುವಣ ಗೋಡೆ ಹರಿದರೆ, ದೇಹಕ್ಕೆ ಸಲ್ಲಬೇಕಾದ ರಕ್ತ ಎಡದಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಗಳಿಗೇ ಹರಿಯುತ್ತದೆ.

ಈ ನಡುಗೋಡೆಯ ಹರಕನ್ನು 1845ರಲ್ಲಿ ಲಂಡನ್ನಿನ ವೈದ್ಯ ಲೇಥಮ್ ವರ್ಣಿಸಿದ್ದು ಶವಪರೀಕ್ಷೆಯಿಂದ. ರೋಗಿ ಜೀವಂತನಾಗಿರುವಾಗಲೇ ಅದನ್ನು ಬ್ರನ್ ಎಂಬ ವೈದ್ಯರು ಗುರುತಿಸಿದ್ದು 1923ರಲ್ಲಿ. ಹೃದಯ-ಶ್ವಾಸಕೋಶ ಯಂತ್ರವು ಬಂದ ಮೇಲೆ, 1956ರಲ್ಲಿ, ಹ್ಯೂಸ್ಟನ್ನಿನ ಡೆಂಟನ್ ಕೂಲಿಯವರು ಅದನ್ನು ಪ್ರಪ್ರಥಮವಾಗಿ ಶಸ್ತ್ರಕ್ರಿಯೆಯಿಂದ ಮುಚ್ಚಿದರು. ಆದರೆ ಸತ್ತ ಮಾಂಸದಲ್ಲಿ ದಾರ ನಿಲ್ಲುವುದಿಲ್ಲ. ಜೀರ್ಣವಸ್ತ್ರಕ್ಕೆ ಹಾಕಿದ ಹೊಲಿಗೆಯಂತೆ ಬಿಗಿದಷ್ಟೂ ಹರಿಯುತ್ತದೆ. ಆದಕಾರಣ ಗಾಯದ ಅಂಚು ಗಟ್ಟಿಯಾಗುವವರೆಗೆ ವಾರಗಟ್ಟಲೆ ಕಾಯುವುದೇ ಅಂದಿನ ಪದ್ಧತಿಯಾಯಿತು. ಕಾಯುತ್ತಲೇ ಅನೇಕರು ತೀರಿಕೊಂಡರು. 1968ರಲ್ಲಿ ಕೆನಡಾದ ಹೈಂಬೆಕರ್ ಸತ್ತ ಭಾಗವನ್ನೇ ಕತ್ತರಿಸಿ ತೆಗೆಯುವ ಮಾರ್ಗವನ್ನು ತೋರಿದರು. ಟೊರಾಂಟೊದ ಟೈರೋನ್ ಡೇವಿಡ್ ಅವರಾದರೋ 1980ರ ದಶಕದಿಂದ ಬೇರೊಂದು ದಾರಿಯನ್ನು ರೂಪಿಸಿದರು: ಸತ್ತುದನ್ನು ಇದ್ದಲ್ಲಿಯೇ ಬಿಟ್ಟು, ಎಡ ಹೃತ್ಕುಕ್ಷಿಯ ಒಳಗಡೆ, ಆರೋಗ್ಯವಾಗಿರುವ ಅಂಚಿಗೆ ದನದ ಹೃದಯಾವರಣದ ತೇಪೆಯನ್ನು ಹೊಲಿದು, ರಕ್ತದ ಒತ್ತಡವು ಹರಿದ ಭಾಗವನ್ನು ಮುಟ್ಟದಂತೆ ಮಾಡುವುದು. ಸತ್ತ ಮಾಂಸದ ಮೇಲೆ ಭಾರ ಹೊರಿಸದ ಈ ವಿವೇಕವೇ, ನನ್ನ ಎಣಿಕೆಯಲ್ಲಿ, ಈ ಚರಿತ್ರೆಯ ಅತ್ಯುನ್ನತ ಘಟ್ಟ.

ಆದರೂ ಯಾವಾಗ ಕತ್ತಿ ಹಿಡಿಯಬೇಕೆಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. 2012ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಏಳು ದಿನಗಳೊಳಗೆ ಶಸ್ತ್ರಕ್ರಿಯೆಯಾದವರಲ್ಲಿ ಶೇಕಡ 54ರಷ್ಟು ಮಂದಿ ಉಳಿಯಲಿಲ್ಲ. ಅನಂತರ ಆದವರಲ್ಲಿ ಆ ಪ್ರಮಾಣ ಶೇಕಡ 18. ಕಾಯುವುದೇ ಲೇಸೆಂದು ಇದರಿಂದ ತೀರ್ಮಾನಿಸುವುದು ಅವಿಚಾರ. ಕಾಯುವಷ್ಟು ಕಸುವುಳ್ಳವರೇ ಆ ಎರಡನೆಯ ಲೆಕ್ಕಕ್ಕೆ ಸೇರಿದ್ದಾರೆ.

ಹಿಂದೆ ಹೃದಯಾಘಾತವಾದವರಲ್ಲಿ ನೂರಕ್ಕೆ ಒಬ್ಬಿಬ್ಬರಿಗೆ ಒದಗುತ್ತಿದ್ದ ನಡುಗೋಡೆಯ ಹರಕು, ಮುಚ್ಚಿದ ರಕ್ತನಾಳವನ್ನು ಬೇಗನೆ ತೆರೆಯುವ ಚಿಕಿತ್ಸೆ ಬಂದ ಮೇಲೆ ಸಾವಿರಕ್ಕೆ ಎರಡು ಮೂರಕ್ಕೆ ಇಳಿದಿದೆ. ಆದುದರಿಂದ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಎದೆಯುರಿ, ಎದೆಬಿಗಿತಗಳನ್ನು ‘ಗ್ಯಾಸ್’ ಎಂದು ಬೆಳಗಿನವರೆಗೆ ಸೈರಿಸದೆ, ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಹೊರಡಿರಿ.