ಕಂಪನಿ ಬಿಟ್ಟರೂ ಬಿಡದ ಹಿಡಿತ

ಮೊಬೈಲಿನಲ್ಲಿ ಟೈಪಿಸಿದ ಕವನ ಸಂಕಲನವನ್ನು ಹುಬ್ಬಳ್ಳಿ-ಧಾರವಾಡದ ಡಿಟಿಪಿ ಅಂಗಡಿಗೆ ಕಳಿಸಿದರೆ, 'ಇದು ಯೂನಿಕೋಡ್ ಐತ್ರಿ, ನುಡಿಯೊಳಗ ಮಾಡಿ ಕೊಡ್ರಿ' ಎಂಬ ಉತ್ತರ ಬರುವುದು ಇನ್ನೂ ನಿಂತಿಲ್ಲ. ನುಡಿ ಕನ್ನಡ ಟೈಪಿಸುವ ತಂತ್ರಾಂಶ; ಅಂಗಡಿಯೊಳಗೆ ಪುಟ ಕಟ್ಟುವುದು ಪೇಜ್‌ಮೇಕರ್. 1985ರಲ್ಲಿ ಆಲ್ಡಸ್ ಕಂಪನಿ ತಂದ, 1994ರಲ್ಲಿ ಅಡೋಬಿ ಕೈಸೇರಿದ ಈ ತಂತ್ರಾಂಶದ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಅದಕ್ಕೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಸಂಕೇತವಾದ ಯೂನಿಕೋಡ್ ಗೊತ್ತಿಲ್ಲ.

ಈ ಹಿಡಿತ ಏಕಸ್ವಾಮ್ಯವೇ? ಕಾನೂನು ಕೇಳುವ ಪ್ರಶ್ನೆ ಬೇರೆ. ನಮ್ಮ 2002ರ ಸ್ಪರ್ಧಾ ಕಾಯ್ದೆಯ 4ನೇ ಸೆಕ್ಷನ್ ಪ್ರಾಬಲ್ಯವನ್ನು ತಪ್ಪೆನ್ನುವುದಿಲ್ಲ, ಅದರ ದುರುಪಯೋಗವನ್ನು ತಡೆಯುತ್ತದೆ. ಅಮೆರಿಕ ಸರ್ಕಾರ 1998ರಲ್ಲಿ ಮೈಕ್ರೋಸಾಫ್ಟ್ ಮೇಲೆ ಹೂಡಿದ ಮೊಕದ್ದಮೆಯಲ್ಲೂ ವಿಂಡೋಸ್ ಮನೆಮನೆ ಸೇರಿದ್ದಕ್ಕೆ ತಕರಾರಿರಲಿಲ್ಲ. ನೆಟ್‌ಸ್ಕೇಪ್ ಬ್ರೌಸರ್ ಮುಂದೆ ಬಾರದಂತೆ ಕಂಪ್ಯೂಟರ್ ತಯಾರಕರ ಕೈ ಕಟ್ಟಿದ್ದಕ್ಕೆ ಇತ್ತು. ಕಂಪನಿಯನ್ನು ಎರಡಾಗಿ ಒಡೆಯುವ ಆದೇಶ 2001ರ ಮೇಲ್ಮನವಿಯಲ್ಲಿ ಬಿದ್ದುಹೋಯಿತು, ಏಕಸ್ವಾಮ್ಯ ಕಾಯ್ದುಕೊಳ್ಳಲು ಅಡ್ಡದಾರಿ ಹಿಡಿದ ತಪ್ಪು ಮಾತ್ರ ಉಳಿಯಿತು.

ಡಿಟಿಪಿ ಅಂಗಡಿಯ ಹಿಡಿತದ ಬೇರು ಬೇರೆ ಕಡೆ ಇದೆ. ಕನ್ನಡದಲ್ಲಿ ಒಂದು ಕಾಲಕ್ಕೆ ತಂತ್ರಾಂಶಕ್ಕೊಂದು ಅಕ್ಷರ ಸಂಕೇತವಿತ್ತು. ಒಂದರಲ್ಲಿ ಕೂರಿಸಿದ ಪುಟ ಇನ್ನೊಂದರಲ್ಲಿ ತೆರೆದರೆ ಚಿಂದಿ. ಒಮ್ಮೆ ಕೊಂಡವರಿಗೆ ಅದೇ ಗತಿ. ರಾಜ್ಯ ಸರ್ಕಾರ ಎಲ್ಲರಿಗೂ ಒಂದೇ ಕೀಲಿಮಣೆ, ಒಂದೇ ಸಂಕೇತ ಗೊತ್ತುಮಾಡಿ, ಕನ್ನಡ ಗಣಕ ಪರಿಷತ್ತಿನ ಕೈಯಲ್ಲಿ ನುಡಿ ಮಾಡಿಸಿ ಉಚಿತವಾಗಿ ಹಂಚಿತು. ಶೇಷಾದ್ರಿವಾಸು ಅವರ 'ಬರಹ' 1998ರಿಂದಲೇ ಜನರ ಕೈಯಲ್ಲಿದ್ದಾಗ ಸರ್ಕಾರ ಇನ್ನೊಂದರ ಬೆನ್ನಿಗೆ ನಿಲ್ಲಬೇಕಿತ್ತೇ ಎಂದು ಕೇಳಬಹುದು. ಸಂಕೇತ ಸಾರ್ವಜನಿಕವಾಗಿದ್ದು ಒಳ್ಳೆಯದೇ ಆಯಿತು ಎನ್ನುವುದು ನನ್ನ ತೀರ್ಮಾನ.

ತೊಡಕು ಬಂದದ್ದು ಆಮೇಲೆ. ಆ ಸಂಕೇತ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತದೆ. ಫಾಂಟ್ ತೆಗೆದರೆ ಉಳಿಯುವುದು ಅರ್ಥವಿಲ್ಲದ ಇಂಗ್ಲಿಷ್. ಗೂಗಲ್‌ನಲ್ಲಿ ಹುಡುಕಿದರೆ ಸಿಗದು. ನುಡಿ ಯೂನಿಕೋಡ್‌ಗೆ ಬಂದರೂ ಸಾಕಷ್ಟು ಪುಸ್ತಕಗಳ ಫೈಲುಗಳು ಹಳೆಯದರಲ್ಲೇ ಇವೆ, ಆಪರೇಟರ್ ಬೆರಳೂ ಅದಕ್ಕೇ ಪಳಗಿದೆ. ಮರುಮುದ್ರಣಕ್ಕೂ ಪೇಜ್‌ಮೇಕರೇ ಬೇಕು. ಅಡೋಬಿಯಂತೂ ಪೇಜ್‌ಮೇಕರ್ ಬೆಳೆಸುವುದನ್ನು ಎಂದೋ ಕೈಬಿಟ್ಟಿದೆ. ಸ್ಪರ್ಧಾ ಆಯೋಗ ನೋಟಿಸ್ ಕೊಡುವುದಾದರೂ ಯಾರಿಗೆ?

ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ತಿರುಗಿಸುವ ಉಚಿತ ಪರಿವರ್ತಕಗಳಿವೆ. ಅರ್ಕಾವತ್ತು ಒಮ್ಮೊಮ್ಮೆ ಜಾಗ ತಪ್ಪುತ್ತದೆ, ಕರಡು ತಿದ್ದಲೇಬೇಕು. ಪುಸ್ತಕ ಅಚ್ಚಿಗೆ ಕೊಡುವ ಲೇಖಕರು, ಪ್ರಕಾಶಕರು ಪಿಡಿಎಫ್ ಒಂದನ್ನೇ ಇಸಿದುಕೊಂಡು ಬರಬೇಡಿ. ತಿದ್ದಿದ ಪಠ್ಯದ ಯೂನಿಕೋಡ್ ಫೈಲನ್ನೂ ಕೇಳಿ ಪಡೆಯಿರಿ.