ನವಜಾತ ಶಿಶುವಿನ ನಾಭಿ: ಬೆಳವಣಿಗೆಯೂ ವಿಕಾರಗಳೂ

ಮಂಗಳೂರಿನ ಮಣ್ಣಗುಡ್ಡದಂತಹ ಬಡಾವಣೆಯಲ್ಲಿ ಇಂದು ಹೆರಿಗೆಯೆಂದರೆ ಆಸ್ಪತ್ರೆಯ ಮಾತು; ಲೇಡಿಗೋಷನ್ ಆಸ್ಪತ್ರೆ ಅಲ್ಲಿಂದ ಹೆಚ್ಚು ದೂರವೂ ಇಲ್ಲ. ಆದರೆ ಹೊಕ್ಕುಳಬಳ್ಳಿಯ ತುಂಡು ಒಣಗಿ ಉದುರುವುದು ಸಾಮಾನ್ಯವಾಗಿ 5ರಿಂದ 15 ದಿನಗಳೊಳಗೆ, ಬಾಣಂತಿಯೂ ಮಗುವೂ ಮನೆ ಸೇರಿದ ಬಳಿಕ. ಆಗ ಅದನ್ನು ನೋಡಿಕೊಳ್ಳುವವರು ವೈದ್ಯರಲ್ಲ, ಮನೆಯ ಹಿರಿಯ ಹೆಂಗಸರು. ಆದುದರಿಂದ ಈ ವಿಷಯವು ವೈದ್ಯವಿದ್ಯಾರ್ಥಿಗಳಿಗೆ ಮಾತ್ರ ಮೀಸಲೆಂದು ನಾವು ಭಾವಿಸುವುದಿಲ್ಲ.

ಭ್ರೂಣಾವಸ್ಥೆಯಲ್ಲಿ ನಾಭಿಯು ಕಲೆಯಲ್ಲ, ಬಾಗಿಲು. ಅದರ ಮೂಲಕ ಎರಡು ಅಪಧಮನಿಗಳೂ ಒಂದು ಅಭಿಧಮನಿಯೂ ಹಾದುಹೋಗುತ್ತವೆ. ಇಲ್ಲಿ ರೂಢಿಯ ಪಾಠ ತಿರುವುಮುರುವಾಗುತ್ತದೆ: ಮಾಸಿನಿಂದ ಆಮ್ಲಜನಕಯುಕ್ತ ರಕ್ತವನ್ನು ತರುವುದು ಅಭಿಧಮನಿ, ಅಪಧಮನಿಗಳು ಒಯ್ಯುವುದು ಮಲಿನರಕ್ತವನ್ನು. ಇವಲ್ಲದೆ ಇನ್ನೆರಡು ನಾಳಗಳುಂಟು. ಒಂದು, ಕರುಳನ್ನು ಭ್ರೂಣದ ಹೊರಗಿನ ಪೀತಕಚೀಲಕ್ಕೆ ಜೋಡಿಸುವಂತಹುದು. ಮತ್ತೊಂದು, ಮೂತ್ರಾಶಯದ ನೆತ್ತಿಯಿಂದ ನಾಭಿಗೆ ಬರುವ ಯುರೇಕಸ್. 6ನೆಯ ವಾರದ ಸುಮಾರಿಗೆ ಹೊಟ್ಟೆಯೊಳಗೆ ಎಡೆ ಸಾಲದೆ ಕರುಳಿನ ಕುಣಿಕೆಯು ಬಳ್ಳಿಯೊಳಕ್ಕೆ ಸರಿದು, 10–12ನೆಯ ವಾರದ ಹೊತ್ತಿಗೆ ಹಿಂದಿರುಗುತ್ತದೆ. ಜನನದ ವೇಳೆಗೆ ಆ ಎರಡು ನಾಳಗಳೂ ಮುಚ್ಚಿಹೋಗಿರತಕ್ಕದ್ದು. ಮುಚ್ಚಬೇಕಾದುದು ಮುಚ್ಚದಿರುವುದೇ ನಾಭಿಯ ಬಹುಪಾಲು ಜನ್ಮಜಾತ ವಿಕಾರಗಳ ಮೂಲ.

ಕರುಳು ಹಿಂದಿರುಗದೆ ತೆಳುಪೊರೆಯ ಚೀಲದಲ್ಲಿ ಹೊರಗೇ ಉಳಿದರೆ ಅದು ಹುಟ್ಟಿದೊಡನೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಬಳ್ಳಿಯ ಬುಡದಲ್ಲಿ ಚಿಕ್ಕ ಉಬ್ಬಷ್ಟೇ ಇದ್ದಾಗ ಅದನ್ನು ಗಮನಿಸದೆ ಬಳ್ಳಿಗೆ ಇಕ್ಕಳ ಹಾಕಿದಲ್ಲಿ ಕರುಳಿಗೇ ಪೆಟ್ಟಾಗಬಹುದು. ದಪ್ಪ ಬುಡದ ಬಳ್ಳಿಯನ್ನು ಅನುಮಾನದಿಂದಲೇ ನೋಡುವುದು ಒಳ್ಳೆಯದು.

ಬಳ್ಳಿ ಉದುರಿದ ಮೇಲೂ ನಾಭಿ ಒದ್ದೆಯಾಗಿದ್ದರೆ ಏನು ತಿಳಿಯಬೇಕು? ಹಲವು ವೇಳೆ ಅದು ಕೆಂಪನೆಯ ಸಣ್ಣ ಮಾಂಸಾಂಕುರ. ವೈದ್ಯರು ಸಿಲ್ವರ್ ನೈಟ್ರೇಟ್ ತಾಗಿಸಿದರೆ ಸಾಮಾನ್ಯವಾಗಿ ಒಣಗಿಹೋಗುತ್ತದೆ. ಒಸರುವುದು ಮೂತ್ರದಂತಿದ್ದರೆ ಯುರೇಕಸ್ ತೆರೆದಿದೆಯೆಂದೂ, ಮಲದಂತಿದ್ದರೆ ಕರುಳಿನ ನಾಳ ತೆರೆದಿದೆಯೆಂದೂ ಶಂಕಿಸಬೇಕು. ಇವೆರಡಕ್ಕೂ ಶಸ್ತ್ರಚಿಕಿತ್ಸೆಯ ಪರಿಶೀಲನೆ ಅಗತ್ಯ. ಕರುಳಿನ ನಾಳದ ಒಳತುದಿ ಮಾತ್ರ ಉಳಿದರೆ ಅದೇ ಮೆಕೆಲ್ ಚೀಲ. ಜರ್ಮನಿಯ ಅಂಗರಚನಾಶಾಸ್ತ್ರಜ್ಞ ಮೆಕೆಲ್ 1809ರಲ್ಲಿ ವಿವರಿಸಿದ ಇದು ನೂರರಲ್ಲಿ ಸುಮಾರು ಇಬ್ಬರಲ್ಲಿದ್ದು, ಬಹುಮಂದಿಗೆ ತೊಂದರೆ ಕೊಡುವುದಿಲ್ಲ.

ಮಗು ಅತ್ತಾಗ ಉಬ್ಬುವ ಹೊಕ್ಕುಳು ತಾಯಂದಿರನ್ನು ಬಹಳ ಹೆದರಿಸುತ್ತದೆ. ಈ ಹರ್ನಿಯವು ಹೆಚ್ಚಾಗಿ 4–5 ವರ್ಷಗಳೊಳಗೆ ತಾನಾಗಿಯೇ ಮುಚ್ಚುತ್ತದೆ. ಅದರ ಮೇಲೆ ನಾಣ್ಯವಿಟ್ಟು ಕಟ್ಟುವುದರಿಂದ ಚರ್ಮ ಕೆರಳುವುದೇ ಹೊರತು ಬೇರೆ ಫಲವಿಲ್ಲ. ಉಬ್ಬು ಗಟ್ಟಿಯಾಗಿ ಒಳಸರಿಯದೆ, ಮಗು ವಾಂತಿ ಮಾಡತೊಡಗಿದರೆ ಮಾತ್ರ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು.

ನಿಜವಾಗಿ ಹೆದರಬೇಕಾದುದು ಸೋಂಕಿಗೆ. ನಾಭಿಯ ಅಭಿಧಮನಿ ಹುಟ್ಟಿದ ಕೆಲವು ದಿನಗಳವರೆಗೆ ಪೂರ್ಣವಾಗಿ ಮುಚ್ಚಿರುವುದಿಲ್ಲ. ತೀವ್ರ ಕಾಮಾಲೆಯಲ್ಲಿ ವೈದ್ಯರು ಮಗುವಿನ ರಕ್ತವನ್ನು ಬದಲಾಯಿಸುವುದು ಈ ದಾರಿಯಿಂದಲೇ. ರೋಗಾಣುಗಳು ಯಕೃತ್ತಿಗೂ ರಕ್ತಕ್ಕೂ ನುಗ್ಗಬಲ್ಲುದೂ ಇದೇ ದಾರಿಯಿಂದ. ಸುತ್ತಲಿನ ಚರ್ಮ ಕೆಂಪೇರುವುದು, ಕೀವು, ದುರ್ವಾಸನೆ, ಮಗು ಮೊಲೆ ಬಿಡುವುದು – ಇವುಗಳಲ್ಲಿ ಯಾವುದು ಕಂಡರೂ ಮರುದಿನಕ್ಕೆ ಕಾಯಲಾಗದು. ಬೂದಿ, ಎಣ್ಣೆ, ಅರಸಿನ, ಕೆಲವೆಡೆ ಸೆಗಣಿಯನ್ನೂ ನಾಭಿಗೆ ಹಚ್ಚುವ ರೂಢಿ ನಮ್ಮ ನಾಡಿನಲ್ಲಿ ಇದ್ದುದುಂಟು. ಸೆಗಣಿಯಲ್ಲಿಯೂ ಮಣ್ಣಿನಲ್ಲಿಯೂ ಧನುರ್ವಾಯುವಿನ ಬೀಜಾಣುಗಳಿರುತ್ತವೆ. ಗರ್ಭಿಣಿಯರಿಗೆ ಲಸಿಕೆಯೂ ಶುಚಿಯಾದ ಹೆರಿಗೆಯೂ ದೊರೆತುದರ ಫಲವಾಗಿ 2015ರಲ್ಲಿ ಭಾರತವು ನವಜಾತ ಧನುರ್ವಾಯುವನ್ನು ನಿವಾರಿಸಿದ ದೇಶವೆಂದು ಮಾನ್ಯವಾಯಿತು. ನಿವಾರಣೆಯೆಂದರೆ ಪ್ರತಿ ಜಿಲ್ಲೆಯಲ್ಲಿಯೂ 1,000 ಸಜೀವ ಜನನಗಳಿಗೆ ಒಂದಕ್ಕಿಂತ ಕಡಮೆ ಪ್ರಕರಣ ಎಂದಷ್ಟೇ ಅರ್ಥ. ಬೀಜಾಣುಗಳು ಮಣ್ಣಿನಲ್ಲಿ ಇದ್ದೇ ಇವೆ. ಆಸ್ಪತ್ರೆಯಲ್ಲಿ ಹುಟ್ಟಿ ಮನೆಗೆ ಬಂದ ಮಗುವಿನ ನಾಭಿಗೆ, ವೈದ್ಯರು ಬೇರೆ ಹೇಳದಿದ್ದಲ್ಲಿ, ಏನನ್ನೂ ಹಚ್ಚದೆ ಒಣಗಿದಂತೆಯೇ ಇರಿಸುವುದು, ಬಟ್ಟೆಯನ್ನು ಅದರ ಕೆಳಕ್ಕೆ ಮಡಚುವುದು, ಮುಟ್ಟುವ ಮುನ್ನ ಕೈ ತೊಳೆಯುವುದು – ಇಷ್ಟು ಸಾಕು.