ಮೊಳೆ ತಿಂದ ತಾಮ್ರ

ಹೈದರಾಬಾದಿನ ಕಾಚಿಗುಡದಿಂದ ಓದುಗರೊಬ್ಬರು ಕೇಳಿದ್ದಾರೆ: ಸಮುದ್ರದ ನಡುವೆ ಸೂಜಿಗಲ್ಲಿನ ಬೆಟ್ಟವಿತ್ತಂತೆ, ಹತ್ತಿರ ಬಂದ ಹಡಗುಗಳ ಮೊಳೆಗಳನ್ನೆಲ್ಲ ಕಿತ್ತುಕೊಳ್ಳುತ್ತಿತ್ತಂತೆ, ಹೌದೇ?

ಇಲ್ಲ ಸ್ವಾಮಿ! ಆ ಬೆಟ್ಟ ಇರುವುದು ಅರೇಬಿಯನ್ ನೈಟ್ಸ್ ಕಥೆಯಲ್ಲಿ. ಕೆಂಪು ಸಮುದ್ರದ ರೋಮನ್ ಹಡಗುಗಳಲ್ಲಿ ಕಬ್ಬಿಣವಿದ್ದೂ ಏನೂ ಆಗಿಲ್ಲವಲ್ಲ ಎಂದು ಆರನೇ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ಸೇ ಇದನ್ನು ತಳ್ಳಿಹಾಕಿದ್ದ. (ಭಾರತೀಯರಲ್ಲಿ ಕಬ್ಬಿಣವಿಲ್ಲ ಎಂದು ಅವನು ಸೇರಿಸಿದ್ದು ಶುದ್ಧ ತಪ್ಪು. ಉಕ್ಕಿಗೆ ಹೆಸರಾದ ಕೋನಸಮುದ್ರಂ ನಿಮ್ಮ ತೆಲಂಗಾಣದಲ್ಲೇ ಇದೆ.)

ಆದರೆ ಮೊಳೆಗಳು ಮಾಯವಾದ ಹಡಗೊಂದು ನಿಜಕ್ಕೂ ಇತ್ತು. 32 ತೋಪುಗಳ ಬ್ರಿಟಿಷ್ ಯುದ್ಧನೌಕೆ 'ಅಲಾರ್ಮ್' ನೀರಿಗಿಳಿದದ್ದು 1758ರಲ್ಲಿ. ಮರ ಕೊರೆಯುವ ಹುಳುಗಳ ಕಾಟ ತಪ್ಪಿಸಲು 1761ರಲ್ಲಿ ಅದರ ತಳಕ್ಕೆಲ್ಲ ತಾಮ್ರದ ತಗಡು ಹೊಡೆದು ವೆಸ್ಟ್ ಇಂಡೀಸಿಗೆ ಕಳಿಸಿದರು. ಹಿಂತಿರುಗಿದಾಗ ಹುಳುವಿನ ಸುಳಿವಿರಲಿಲ್ಲ. ತಗಡು ಹಿಡಿದಿದ್ದ ಕಬ್ಬಿಣದ ಮೊಳೆಗಳು ಮಾತ್ರ ಕೊಳೆತು ಹೋಗಿದ್ದವು. ಅಲ್ಲೊಂದು ಇಲ್ಲೊಂದು ಗಟ್ಟಿಯಾಗಿ ಉಳಿದಿತ್ತು. ಏಕೆಂದು ಹುಡುಕಿದರೆ, ಆ ಮೊಳೆಗಳ ತಲೆಯಡಿ ಕಂದು ಕಾಗದದ ಚೂರು! ತಗಡು ಸುತ್ತಿ ಬಂದಿದ್ದ ಕಾಗದವನ್ನು ಯಾರೋ ಬಿಚ್ಚದೆ ಹಾಗೇ ಜಡಿದಿದ್ದರು. ನನಗೆ ಆ ಸೋಮಾರಿಯ ಮೇಲೆ ಬಹಳ ಪ್ರೀತಿ. ಎರಡು ಲೋಹಗಳು ಒಂದಕ್ಕೊಂದು ತಾಗಿ ಉಪ್ಪುನೀರಿನಲ್ಲಿದ್ದರೆ ಬ್ಯಾಟರಿಯೇ ಆದಂತೆ: ಕಬ್ಬಿಣ ಸವೆಯುತ್ತದೆ, ತಾಮ್ರ ಉಳಿಯುತ್ತದೆ. ಕಾಗದ ಆ ಸ್ಪರ್ಶವನ್ನು ತಪ್ಪಿಸಿತ್ತು. ವೋಲ್ಟಾನ ಬ್ಯಾಟರಿ ಬರಲು ಇನ್ನೂ ಮೂರೂವರೆ ದಶಕ ಬೇಕಿತ್ತು.

ನಿಮ್ಮ ಬಚ್ಚಲಿನ ಗೀಸರ್‌ನೊಳಗೂ ಇದೇ ಆಟ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಮೆಕ್ಯಾನಿಕ್ ಸವೆದ ಮೆಗ್ನೀಸಿಯಂ ರಾಡು ತೆಗೆದು ತೋರಿಸಿದರೆ ಕಳಪೆ ಮಾಲೆಂದು ಅವನನ್ನು ಬೈಯಬೇಡಿ. ಟ್ಯಾಂಕಿನ ಬದಲು ತಾನು ಸವೆಯುವುದೇ ಅದರ ಕೆಲಸ.

ಈ ಉಪಾಯವನ್ನು ರಸಾಯನ ವಿಜ್ಞಾನಿ ಹಂಫ್ರಿ ಡೇವಿ 1824ರಲ್ಲಿ ಯುದ್ಧನೌಕೆಗಳಿಗೇ ಹೂಡಿದ. ಅವುಗಳಲ್ಲಿ 'ಸಮರಾಂಗ್' ನಮ್ಮ ಕೊಚ್ಚಿಯಲ್ಲೇ ಕಟ್ಟಿದ್ದು, 1822ರಲ್ಲಿ. ಈ ಸಲ ತಾಮ್ರವೇ ಸವೆಯದಂತೆ ಅದಕ್ಕೆ ಕಬ್ಬಿಣದ ತುಂಡುಗಳನ್ನು ತಾಗಿಸಿದ. ತಾಮ್ರ ಉಳಿಯಿತು, ಲೆಕ್ಕಾಚಾರ ಸರಿಯಾಗಿತ್ತು. ಆದರೆ ಹಡಗುಗಳ ತಳದ ತುಂಬ ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಅಂಟಿ ವೇಗವೇ ಕುಗ್ಗಿತು. ಅಷ್ಟು ದಿನ ಅವುಗಳನ್ನು ದೂರವಿಟ್ಟಿದ್ದು ತಾಮ್ರ ಕರಗಿ ಬಿಡುತ್ತಿದ್ದ ವಿಷ. ನೌಕಾಪಡೆ ಡೇವಿಯ ಕಬ್ಬಿಣವನ್ನು ಕಿತ್ತು ಹಾಕಿಸಿತು.